ಗಂಟಲಿಗೆ ಬೀಗ, ಕೈಗೆ ಉಲ್ಲನ್ ಕಡ್ಡಿ

ಮಾತಾಡಬಾರದು ಎಂದು ಡಾಕ್ಟರು ಹೇಳಿದ್ದು ನನಗೊಬ್ಬನಿಗೆ. ಆದರೆ ಅಂದಿನಿಂದ ನಮ್ಮ ಮನೆಯವರು, ಎದುರು ಮನೆಯವರು, ಅಜ್ಜಂಪುರದ ಬಸ್ ನಿಲ್ದಾಣದಲ್ಲಿ ಬೀಡಿ ಸೇದುತ್ತ ಕೂರುವವರು, ಎಲ್ಲರೂ ನನ್ನ ಪಾಲಿನ ಮಾತನ್ನೂ ಹಂಚಿಕೊಂಡು ಆಡಿ ಮುಗಿಸಿದರು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅದನ್ನು ಇಳಿಸಿಕೊಳ್ಳಲು ಬರೆಯುತ್ತಿದ್ದೇನೆ. ಗಂಟಲಿಗೂ ಟಿ.ಬಿ. ಬರುತ್ತದೆ ಎಂದು ಗೊತ್ತಿಲ್ಲದೆ, ನನ್ನ ಹಾಗೇ ಮೆಣಸಿನ ಕಷಾಯ ಕುಡಿಯುತ್ತ ಕೂತವರು ಎಲ್ಲಾದರೂ ಇದ್ದರೆ ಅವರಿಗೂ ಇರಲಿ ಎಂದು ಕೂಡ.

ನನ್ನ ಕಸುಬು ಕೂಗುವುದು. ಊರಾಚೆಯ ಟೆಂಟ್ ಸಿನಿಮಾದ ಪ್ರಚಾರದ ಗಾಡಿಯಲ್ಲಿ ಮೈಕ್ ಹಿಡಿದು ಕೂರುತ್ತಿದ್ದೆ. ಬರೀ ಕೂಗಿದರೆ ಯಾರು ಕೇಳುತ್ತಾರೆ? ಒಂದು ಬೀದಿಯಲ್ಲಿ ಅಮಲ್ದಾರರ ಹಾಗೆ ಗದರುತ್ತಿದ್ದೆ, ಇನ್ನೊಂದರಲ್ಲಿ ಕಡೂರು ಬಸ್ಸಿನ ಕಂಡಕ್ಟರ ಹಾಗೆ "ಒಳಗೆ ಹೋಗ್ರೀ, ಒಳಗೆ ಖಾಲಿ ಐತೆ" ಅನ್ನುತ್ತಿದ್ದೆ. ನಮ್ಮ ಬೀದಿಗೆ ಬಂದಾಗ ದೊಡ್ಡಮ್ಮನ ದನಿ. "ಅಯ್ಯೋ ಶಿವನೇ, ಮುಟ್ಬೇಡಿ, ದೂರ ನಿಂತು ಟಿಕೆಟ್ ತಗೊಳ್ಳಿ!" ದೊಡ್ಡಮ್ಮ ಎಂದರೆ ಅಪ್ಪನ ಅಣ್ಣನ ಹೆಂಡತಿ, ನಮ್ಮ ಮನೆಯ ಮಡಿ-ಮೈಲಿಗೆ ಇಲಾಖೆಯ ಮುಖ್ಯಸ್ಥೆ. ಜನ ನಗುತ್ತಿದ್ದರು. ದೊಡ್ಡಮ್ಮ ಬಾಗಿಲಿಗೆ ಬಂದು, "ಈ ಮಂಗಮುಂಡೇದು ಒಂದಿನ ಬಾಯಿ ಸೇದಿಹೋಗಿ ಕೂರುತ್ತೆ ನೋಡ್ತಿರಿ" ಅನ್ನುತ್ತಿದ್ದಳು. ನಾನು ಅದನ್ನೂ ಅವಳದೇ ದನಿಯಲ್ಲಿ ಮೈಕಿನಲ್ಲಿ ಹೇಳುತ್ತಿದ್ದೆ.

ಬಾಯಿ ಸೇದಲಿಲ್ಲ, ಗಂಟಲು ಹೋಯಿತು. ಮೊದಲು ಕರಕರ ಎಂದಿತು, ಆಮೇಲೆ ಸೀಳಿತು, ಆಮೇಲೆ ಅನ್ನ ನುಂಗಿದರೆ ಗಾಜು ನುಂಗಿದ ಹಾಗಾಯಿತು. ಅಮ್ಮ ಕಷಾಯ ಕೊಟ್ಟಳು. ಟೆಂಟ್ ಸಾಹುಕಾರರು ಕಲ್ಲುಸಕ್ಕರೆ ಕೊಟ್ಟರು. ದೊಡ್ಡಮ್ಮ ತನ್ನ ಶಾಪವೇ ತಟ್ಟಿತು ಎಂದು ಹೆದರಿ, ಗುಟ್ಟಾಗಿ ನನ್ನ ಹೆಸರಲ್ಲಿ ವಿಭೂತಿ ಮಂತ್ರಿಸಿಕೊಂಡು ಬಂದಳು. ಕೊನೆಗೆ ಈರುಳ್ಳಿ ಮಂಡಿಗೆ ರಜೆ ಹಾಕಿ ಅಪ್ಪ ನನ್ನನ್ನು ತರೀಕೆರೆಯ ಗಂಟಲು ಡಾಕ್ಟರ ಹತ್ತಿರ ಕರೆದೊಯ್ದರು.

ಡಾಕ್ಟರು ನನ್ನ ನಾಲಗೆಯನ್ನು ಬಟ್ಟೆಯಲ್ಲಿ ಹಿಡಿದು, ಕಂಬಳಿ ಅಂಗಡಿಯವನು ಮಾಲು ಎಳೆದು ತೋರಿಸುವ ಹಾಗೆ ಹೊರಗೆ ಎಳೆದರು. ದೀಪದ ಮೇಲೆ ಕಾಯಿಸಿದ ಒಂದು ಪುಟ್ಟ ಕನ್ನಡಿಯನ್ನು ಗಂಟಲೊಳಗೆ ಇಳಿಸಿ, "ಈ... ಅನ್ನು" ಅಂದರು. ನಾಲಗೆ ಅವರ ಕೈಯಲ್ಲಿ, ಕನ್ನಡಿ ನನ್ನ ಕಿರುನಾಲಗೆಯ ಮೇಲೆ, 'ಈ' ಎಲ್ಲಿಂದ ತರಲಿ?

"ಏನ್ ಕೆಲಸ ಮಾಡ್ತಾನೆ?" ಎಂದು ಅಪ್ಪನನ್ನು ಕೇಳಿದರು.

"ಕೂಗ್ತಾನೆ ಸಾರ್."

"ಅದು ಕೆಲಸಾನಾ?"

"ನಾನೂ ಅದನ್ನೇ ಕೇಳ್ತಿದ್ದೆ ಸಾರ್."

ಕಡೂರಿಗೆ ಹೋಗಿ ಎದೆಯ ಎಕ್ಸರೇ ತೆಗೆಸಿ, ಕಫ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದರು. ಕಡೂರಿನ ಆ ಬೆಂಚನ್ನು ನಾನು ಮರೆಯುವುದಿಲ್ಲ. ಪಕ್ಕದಲ್ಲಿ ಸಖರಾಯಪಟ್ಟಣದ ಯಜಮಾನರೊಬ್ಬರು ಕೂತಿದ್ದರು. ತಮ್ಮ ಕೆಮ್ಮು, ತೆಂಗಿನ ತೋಟ, ತೋಟದ ಖಾತೆ ಇನ್ನೂ ಅಣ್ಣನ ಹೆಸರಲ್ಲೇ ಇರುವುದು, ಅಣ್ಣನ ಹೆಂಡತಿಯ ಬುದ್ಧಿ, ಎಲ್ಲವನ್ನೂ ಹೇಳಿದರು. ನೋವಿಗೆ ನಾನು ಬಾಯಿ ಬಿಡಲಾರದೆ ತಲೆ ಮಾತ್ರ ಆಡಿಸುತ್ತಿದ್ದೆ. ಅವರ ಹೆಸರು ಕೂಗಿದಾಗ ಎದ್ದು ನನ್ನ ಭುಜ ತಟ್ಟಿ, "ನಿಮ್ ಹಂಗೆ ಮಾತಾಡೋ ಜನ ಸಿಗೋದು ಕಷ್ಟ ಬಿಡಿ" ಎಂದು ಹೇಳಿ ಒಳಗೆ ಹೋದರು. ಅಂಥ ಹೆದರಿಕೆಯ ಹೊತ್ತಿನಲ್ಲಿ ನನಗೆ ನಗು ಬಂತು. ನಕ್ಕರೆ ನೋವು. ಅಳೋಣವೆಂದರೆ ಅದಕ್ಕೂ ಗಂಟಲು ಬೇಕು.

ಚೀಟಿಗಳನ್ನು ನೋಡಿದ ತರೀಕೆರೆ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಎದೆಯಲ್ಲಿ ಸ್ವಲ್ಪ ಇದೆ, ಗಂಟಲಲ್ಲಿ ಹುಣ್ಣಾಗಿದೆ, ವಾಸಿಯಾಗುತ್ತದೆ, ದಿನವೂ ಇಂಜೆಕ್ಷನ್ನು, ಕೈತುಂಬ ಮಾತ್ರೆ, ತಿಂಗಳುಗಟ್ಟಲೆ ತಪ್ಪಿಸಬಾರದು. "ಗಂಟಲು ಮಾಗೋವರೆಗೆ ಒಂದು ಮಾತೂ ಆಡಬಾರದು. ಪಿಸುಗುಟ್ಟೋದೂ ಬೇಡ, ಅದು ಇನ್ನೂ ಕೆಟ್ಟದ್ದು."

ನಾನು ಬೆರಳಿನಿಂದ ಮೈಕ್ ಹಿಡಿದ ಹಾಗೆ ಮಾಡಿ ತೋರಿಸಿದೆ. ದನಿ ವಾಪಸ್ ಬರುತ್ತಾ ಎಂದು. ಡಾಕ್ಟರು ಅಪ್ಪನ ಕಡೆ ನೋಡಿದರು. "ಮೊದಲು ಜೀವ ನೋಡ್ಕೊಳ್ಳೋಣ" ಅಂದರು. ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದರು. ನನ್ನ ಕೂಗಾಟದಿಂದ ಮಾನ ಹೋಯಿತು ಎನ್ನುತ್ತಿದ್ದ ಮನುಷ್ಯ. ಇಳಿಯುವಾಗ, "ಕೂಗ್ತೀಯ ಬಿಡೋ, ಎಲ್ಲಿಗ್ ಹೋಗುತ್ತೆ" ಎಂದಷ್ಟೇ ಹೇಳಿದರು.

ಮನೆಯಲ್ಲಿ ನನಗೆ ಬೇರೆ ತಟ್ಟೆ, ಬೇರೆ ಲೋಟ, ಹಜಾರದ ಕಿಟಕಿಯ ಪಕ್ಕ ಬೇರೆ ಚಾಪೆ. ಡಾಕ್ಟರೇ ಮೊದಮೊದಲು ಹಾಗಿರಲಿ ಅಂದಿದ್ದರು, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಬೇರೆಯದಕ್ಕೆ. ಮಾತಾಡದವನಿಗೆ ಕಿವಿಯೂ ಕೇಳುವುದಿಲ್ಲ ಎಂದು ನಮ್ಮ ಜನಕ್ಕೆ ಯಾರು ಹೇಳಿದ್ದು? ನೋಡಲು ಬಂದವರೆಲ್ಲ ನನ್ನ ಕಿವಿಯ ಹತ್ತಿರ ಬಗ್ಗಿ, "ಊಟ! ಮಾಡ್ದಾ?" ಎಂದು ಕಿರುಚುತ್ತಿದ್ದರು. ಆಮೇಲೆ ಪಕ್ಕದಲ್ಲೇ ನಿಂತು, ತಗ್ಗಿದ ದನಿಯಲ್ಲಿ, "ಇನ್ನು ಹೆಣ್ಣು ಕೊಡೋರು ಯಾರು ಪಾಪ" ಎಂದು ಅಮ್ಮನಿಗೆ ಹೇಳುತ್ತಿದ್ದರು. ನನ್ನ ಹತ್ತಿರ ಸ್ಲೇಟು ಬಳಪ ಇತ್ತು. "ಕೇಳಿಸ್ತಿದೆ" ಎಂದು ಬರೆದು ಹಿಡಿದರೆ, "ಅಕ್ಷರ ದುಂಡಗಿದೆ" ಅನ್ನುತ್ತಿದ್ದರು.

ಇದೆಲ್ಲಕ್ಕಿಂತ ಕಿರಿಕಿರಿ ಎಂದರೆ ನನ್ನ ದನಿಯೇ. ಹುಷಾರು ತಪ್ಪುವ ಮೊದಲು ಸಾಹುಕಾರರು ಹೊಸದಾಗಿ ತಂದ ಟೇಪ್ ರೆಕಾರ್ಡರಿನಲ್ಲಿ ತಮಾಷೆಗೆಂದು ನನ್ನ ಕೂಗನ್ನು ಹಿಡಿದಿಟ್ಟುಕೊಂಡಿದ್ದರು. ಈಗ ಅದನ್ನೇ ಗಾಡಿಯಲ್ಲಿ ಹಾಕಿ ಊರೆಲ್ಲ ಓಡಾಡಿಸುತ್ತಿದ್ದರು. ದಿನಾ ಸಂಜೆ ನಾನು ಕಿಟಕಿಯ ಪಕ್ಕ ಮೂಕನಾಗಿ ಕೂತಿರುವಾಗ, ಹೊರಗೆ ನಾನೇ "ಬನ್ನಿರಿ, ನೋಡಿರಿ, ಆನಂದಿಸಿರಿ!" ಎಂದು ಕೂಗುತ್ತ ಹೋಗುತ್ತಿದ್ದೆ. ಎಂಥ ದನಿ ಅದು! ತುದಿಯಲ್ಲಿ ಒಂದು ಚಿಟಿಕೆ ಹಾಕಿದ ಹಾಗೆ ಮೇಲಕ್ಕೆ ಹಾರುತ್ತಿತ್ತು. ನನ್ನದಾಗಿದ್ದಾಗ ನಾನು ಅದನ್ನು ಒಂದು ದಿನವಾದರೂ ಕೂತು ಕೇಳಿದ್ದೆನೇ? ಗಾಡಿ ಬರುವ ಹೊತ್ತಿಗೆ ಕಿಟಕಿ ಮುಚ್ಚತೊಡಗಿದೆ.

ಒಂದು ಸಂಜೆ ಹಾಗೆ ಕಿಟಕಿ ದಡಾರನೆ ಮುಚ್ಚಿದ್ದನ್ನು ತಂಗಿ ಶಾಂತ ನೋಡಿದಳು. ಹೈಸ್ಕೂಲಿನ ಹೊಲಿಗೆ ತರಗತಿಯಲ್ಲಿ ಶುರುಮಾಡಿ ಅರ್ಧಕ್ಕೆ ಬಿಟ್ಟ ಸ್ವೆಟರನ್ನು ಕಡ್ಡಿಗಳ ಸಮೇತ ತಂದು ನನ್ನ ಚಾಪೆಯ ಮೇಲೆ ಎಸೆದಳು.

"ಹೆಣಿಗೆ ಹಾಕೋ ಇದನ್ನ."

ಸ್ಲೇಟಿನಲ್ಲಿ ಬರೆದೆ: "ಗಂಡಸರು ಹಾಕ್ತಾರಾ?"

"ಗಂಡಸರು ಮಾತಾಡ್ತಾರೆ. ನೀನು ಆಡ್ತೀಯಾ? ಇಲ್ವಲ್ಲ, ಹಾಕು."

ಸೀದಾ ಒಂದು, ಉಲ್ಟಾ ಒಂದು. ಹೇಳಲು ಇಷ್ಟೇ. ಕೈಗೆ ಬರಲು ನನ್ನ ಅರ್ಧ ಆಯಸ್ಸು ಹೋಯಿತು. ಇಡೀ ಊರನ್ನು ಅಣಕಿಸಬಲ್ಲ ನನಗೆ ತಂಗಿಯ ಎರಡು ಬೆರಳನ್ನು ಅಣಕಿಸಲು ಆಗಲಿಲ್ಲ. ಕುಣಿಕೆ ಜಾರುತ್ತಿತ್ತು. ಜಾರಿದ ಕುಣಿಕೆ ಏಣಿಯ ಹಾಗೆ ಕೆಳಗಿನವರೆಗೆ ಬಿಚ್ಚಿಕೊಂಡು ಹೋಗುತ್ತಿತ್ತು. ಸಿಟ್ಟು ಬಂದರೆ ಬಾಯ್ತುಂಬ ಬಯ್ಯುವಂತೆಯೂ ಇಲ್ಲ. ಬೈಗುಳವೆಲ್ಲ ಕೈಗೆ ಇಳಿದು ಹೆಣಿಗೆ ಬಿಗಿಯಾಗುತ್ತಿತ್ತು. ನನ್ನ ಮೊದಲ ಸ್ವೆಟರನ್ನು ನೆಲದ ಮೇಲೆ ನಿಲ್ಲಿಸಿದರೆ ಯಾರ ಸಹಾಯವೂ ಇಲ್ಲದೆ ನಿಲ್ಲುತ್ತಿತ್ತು. ಆಮೇಲೆ ಸಾಕ್ಸು. ಅದಕ್ಕೆ ನಾಲ್ಕು ಕಡ್ಡಿ, ಹಿಮ್ಮಡಿ ತಿರುಗಿಸುವ ಜಾಗದಲ್ಲಿ ಬ್ರಹ್ಮನಿಗೂ ಬೆವರು. ಅಪ್ಪನಿಗೆಂದು ಹಾಕಿದ ಮೊದಲ ಸಾಕ್ಸಿನಲ್ಲಿ ಒಂದು ಸೇರು ಈರುಳ್ಳಿ ಆರಾಮವಾಗಿ ಹಿಡಿಯುತ್ತಿತ್ತು.

ಕೈ ಕುದುರಿದ್ದೇ ತಡ, ಮನೆಯವರ ಬೇಡಿಕೆ ಶುರುವಾಯಿತು. "ಹೆಂಗಿದ್ರೂ ಸುಮ್ನೆ ಕೂತಿದೀಯಲ್ಲ, ನಂಗೊಂದು ತೋಳಿಲ್ಲದ್ದು" ಎಂದು ಅಪ್ಪ. "ಕತ್ತು ಎತ್ತರ ಇರ್ಲಿ ಕಣೋ" ಎಂದು ಅಮ್ಮ. ಶಾಂತಳಿಗೆ ಕೆಂಪು, ಎದುರಿಗೆ ಗುಂಡಿ. ಹಾಕಿದೆ. ಎಲ್ಲರೂ ತಿರುಗಿಸಿ ಮುರುಗಿಸಿ ನೋಡಿ ಹೊಗಳಿದರು. ಹೊಗಳಿ ಟ್ರಂಕಿಗೆ ಹಾಕಿದರು. ಚಳಿಗಾಲ ಬಂದು ಬೆಳಿಗ್ಗೆ ಬಾಯಲ್ಲಿ ಹೊಗೆ ಬರತೊಡಗಿತು. ಅಪ್ಪ ಹಳೇ ಶಾಲು ಹೊದ್ದುಕೊಂಡೇ ಮಂಡಿಗೆ ಹೋದರು. ನಾನು ಟ್ರಂಕಿನ ಮುಚ್ಚಳ ತೆಗೆದು ನೋಡಿದೆ. ನನ್ನ ಅಷ್ಟೂ ತಿಂಗಳ ಮಾತು ನುಸಿಗುಳಿಗೆಯ ವಾಸನೆಯಲ್ಲಿ ಮಡಿಸಿಕೊಂಡು ಮಲಗಿತ್ತು.

ಶಾಂತಳಿಗೆ ಸ್ಲೇಟು ಹಿಡಿದೆ: "ಯಾಕೆ ಹಾಕ್ಕೊಳ್ಳಲ್ಲ?"

ಅವಳು ಸುಳ್ಳು ಹೇಳುವವಳಲ್ಲ. ಸ್ಲೇಟಿನ ಕಡೆ ನೋಡುತ್ತಲೇ, "ಯಾರು ಹಾಕಿದ್ದು ಅಂತ ಕೇಳ್ತಾರೆ ಕಣೋ" ಅಂದಳು.

ಆ ಹೊತ್ತಿಗೆ ಡಾಕ್ಟರು, ಇನ್ನು ಇವನಿಂದ ಯಾರಿಗೂ ಅಂಟುವುದಿಲ್ಲ ಎಂದು ಅಪ್ಪನಿಗೆ ಸ್ಪಷ್ಟವಾಗಿ ಹೇಳಿಯಾಗಿತ್ತು. ಬಟ್ಟೆಯಿಂದಂತೂ ಎಂದೂ ಅಂಟುವುದಿಲ್ಲ ಎಂದೂ ಹೇಳಿದ್ದರು. ಔಷಧಿ ಡಾಕ್ಟರ ಮಾತು ಕೇಳುತ್ತದೆ, ಮನೆಯ ಜನ ಕೇಳಬೇಕಲ್ಲ.

ಡಾಕ್ಟರ ಮಾತಿಗೂ ಕಾಯದೆ ನನ್ನ ಹತ್ತಿರ ಬಂದು ಕೂತವಳು ಒಬ್ಬಳೇ, ನಮ್ಮಜ್ಜಿ, ಅಪ್ಪನ ತಾಯಿ. ಓದು ಬರಹ ಬಾರದವಳಾದ್ದರಿಂದ ನನ್ನ ಸ್ಲೇಟು ಅವಳ ಮುಂದೆ ದಂಡ. ಬೆಳಿಗ್ಗೆ ಮಡಿಯ ಉಣ್ಣೆ ಧಾಬಳಿ ಉಟ್ಟು ಲಿಂಗಪೂಜೆ ಮುಗಿಸಿ ಎದುರಿಗೆ ಬಂದು ಕೂರುತ್ತಿದ್ದಳು. ಶಾಂತ ಬೀರೂರಿನಿಂದ ತಂದುಕೊಟ್ಟ ಉಲ್ಲನ್ ಲಡಿಯನ್ನು ಅಜ್ಜಿ ತನ್ನ ಎರಡು ಮುಂಗೈಗೆ ಹಾಕಿಕೊಂಡು ಹಿಡಿಯುತ್ತಿದ್ದಳು. ನಾನು ಈ ಕಡೆ ಉಂಡೆ ಸುತ್ತುತ್ತಿದ್ದೆ. ಮೊದಲ ದಿನವೇ ದೊಡ್ಡಮ್ಮ ಓಡಿ ಬಂದಳು.

"ಅತ್ತೆಮ್ಮಾ, ಪೂಜೆ ಮುಗ್ಸಿ ಅವನ ದಾರ ಹಿಡ್ಕೊಂಡು ಕೂತಿದೀರಲ್ಲ!"

"ಉಣ್ಣೆ ಕಣೇ ಇದು. ಉಣ್ಣೆಗೆ ಮೈಲಿಗೆ ಎಲ್ಲೈತೆ? ನೀನು ಮದುವೆಯಾಗಿ ಬಂದಾಗ ನಾನೇ ಹೇಳ್ಕೊಟ್ಟಿದ್ದು, ಮರ್ತುಬಿಟ್ಯಾ?"

ದೊಡ್ಡಮ್ಮನ ಕಾಯಿದೆ ಪುಸ್ತಕದಲ್ಲಿ ಅದು ಇತ್ತು. ಅವಳು ಬಾಯಿ ಮುಚ್ಚಿಕೊಂಡು ಹೋದಳು. ಅವಳು ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಜ್ಜಿ ಕೇಳುವುದು, ನಾನು ದಾರ ಜಗ್ಗುವುದು, ಇದು ನಮ್ಮ ಮಾತುಕತೆ. ಒಂದು ಸಲ ಜಗ್ಗಿದರೆ ಹೌದು, ಎರಡು ಸಲ ಜಗ್ಗಿದರೆ ಇಲ್ಲ.

"ಇಂಜೆಕ್ಷನ್ ಚುಚ್ಚಿದ್ ಕಡೆ ನೋವೈತಾ?" ಒಂದು ಜಗ್ಗು.

"ನಿಮ್ ದೊಡ್ಡಮ್ಮನ ಮೇಲೆ ಸಿಟ್ಟೈತಾ?" ಲಡಿ ಕೈಯಿಂದ ಹಾರಿಹೋಗುವ ಹಾಗೆ ಜಗ್ಗಿದೆ. ಅಜ್ಜಿ ನಕ್ಕಳು.

"ದನಿ ಬರಲ್ಲ ಅಂತ ಹೆದ್ರಿಕೆನಾ?" ನಾನು ಜಗ್ಗಲೇ ಇಲ್ಲ. ದಾರ ನಡುವೆ ಹಾಗೇ ಸಡಿಲವಾಗಿ ಬಿದ್ದಿತ್ತು. ಅಜ್ಜಿ ಮುಂಗೈ ಸ್ವಲ್ಪ ಹಿಂದಕ್ಕೆ ಎಳೆದು ಅದನ್ನು ಬಿಗಿ ಮಾಡಿ, "ಸುತ್ತು ಸುತ್ತು, ಗಂಟು ಬಿದ್ದಾತು" ಅಂದಳು.

ಅವಳಿಗೆಂದು ಬೂದು ಬಣ್ಣದ ಪೂರ್ತಿ ತೋಳಿನ ಸ್ವೆಟರ್ ಹಾಕಿದೆ. ಅಷ್ಟರಲ್ಲಿ ನನ್ನ ಹೆಣಿಗೆ ಮೆತ್ತಗಾಗಿತ್ತು. ಅವಳು ಅದನ್ನು ಹಾಕಿಕೊಂಡವಳು ಮತ್ತೆ ತೆಗೆಯಲಿಲ್ಲ.

ಮುಂದಿನ ಸಲ ತರೀಕೆರೆಗೆ ಒಬ್ಬನೇ ಹೋದೆ. ಮತ್ತೆ ನಾಲಗೆ, ಮತ್ತೆ ಕನ್ನಡಿ. "ಹುಣ್ಣು ಮಾಗಿದೆ ಕಣಯ್ಯಾ" ಎಂದರು ಡಾಕ್ಟರು. "ಮಾತ್ರೆ ಬಿಡಬೇಡ. ಇನ್ಮೇಲೆ ನಿಧಾನಕ್ಕೆ ಮಾತಾಡು. ಮೊದಲಿನ ದನಿನೇ ಬರುತ್ತಾ ಅಂದ್ರೆ ನಾನು ಹೇಳಕ್ಕಾಗಲ್ಲ." ನಾನು ಕೈ ಮುಗಿದೆ, ಮಾತಾಡಲಿಲ್ಲ. ಬಸ್ಸಿನಲ್ಲೂ ಆಡಲಿಲ್ಲ. ಊರು ಮುಟ್ಟಿದ ಮೇಲೆ ಕೆರೆ ಏರಿಯ ಹಿಂದೆ, ಎಮ್ಮೆಗಳ ಹೊರತು ಯಾರೂ ಇಲ್ಲದ ಕಡೆ ನಿಂತು, "ಬನ್ನಿರಿ" ಅಂದೆ.

ಅದು ನನ್ನ ದನಿ ಆಗಿರಲಿಲ್ಲ. ಒಡಕಲು, ತಗ್ಗಿನದು, ಹಳೇ ಬಾಗಿಲು ತಳ್ಳಿದ ಹಾಗೆ. "ನೋಡಿರಿ" ಎಂದು ಮೇಲಕ್ಕೆ ಎತ್ತಲು ಹೋದೆ, ಅರ್ಧದಲ್ಲೇ ಉಸಿರು ಮಾತ್ರ ಉಳಿಯಿತು. ಒಂದು ಎಮ್ಮೆ ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿತು. ನನ್ನ ಜೀವಮಾನದಲ್ಲೇ ಅಷ್ಟು ಕೆಟ್ಟ ಪ್ರೇಕ್ಷಕರು ಸಿಕ್ಕಿರಲಿಲ್ಲ. ಮನೆಗೆ ಬಂದು ಸ್ಲೇಟಿನಲ್ಲಿ ಬರೆದೆ: "ಇನ್ನೂ ಸ್ವಲ್ಪ ದಿನ ಮಾತಾಡಬಾರದಂತೆ." ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂಜೆ ಗಾಡಿ ಬಂತು. ಒಳಗಿನಿಂದ ಆ ಪೋಕರಿ, ಆ ಆರೋಗ್ಯವಂತ, ನನ್ನನ್ನು ಬಿಟ್ಟು ಹೋದವನು, ಹಾರಿ ಹಾರಿ ಕೂಗುತ್ತಿದ್ದ. ನಾನು ಕಿಟಕಿ ಮುಚ್ಚಿ ಕಡ್ಡಿ ಹಿಡಿದೆ.

ಅದಾಗಿ ಕೆಲವು ದಿನಗಳ ಮೇಲೆ, ಒಂದು ಬೆಳಿಗ್ಗೆ ಇಬ್ಬನಿ ಇನ್ನೂ ಅಂಗಳದಲ್ಲಿತ್ತು. ಅಜ್ಜಿ ಒಲೆಯ ಮುಂದೆ ಸ್ವೆಟರ್ ಹಾಕಿಕೊಂಡು ಕೂತಿದ್ದಳು. ಅಪ್ಪ ಕಾಫಿ ಕುಡಿಯುತ್ತಿದ್ದರು, ಅಮ್ಮ ಮತ್ತು ಶಾಂತ ರೊಟ್ಟಿಯ ಕೆಲಸದಲ್ಲಿದ್ದರು, ನಾನು ಗೋಡೆಗೆ ಒರಗಿ ಸಾಕ್ಸಿನ ಹಿಮ್ಮಡಿಯೊಡನೆ ಕುಸ್ತಿ ಹಿಡಿದಿದ್ದೆ. ಅಜ್ಜಿಯ ತೋಳಿನ ತುದಿಯಿಂದ ಒಂದೆಳೆ ಜೋತು ಬಿದ್ದದ್ದನ್ನು ದೊಡ್ಡಮ್ಮ ನೋಡಿದಳು. ಕಿತ್ತುಕೊಂಡು ಒಲೆಯ ಕೆಂಡಕ್ಕೆ ಹಿಡಿದಳು.

ನಮ್ಮ ಮನೆಯಲ್ಲಿ ಧಾಬಳಿ ಕೊಳ್ಳುವಾಗಲೆಲ್ಲ ಹೀಗೇ ಮಾಡುವುದು. ಒಂದೆಳೆ ಸುಟ್ಟು ನೋಡಬೇಕು. ಕೂದಲು ಸುಟ್ಟ ನಾತ ಬಂದು ಬೂದಿ ಉದುರಿದರೆ ಅಪ್ಪಟ ಉಣ್ಣೆ, ಮಡಿಗೆ ಯೋಗ್ಯ. ಈ ಪರೀಕ್ಷೆಯನ್ನು ಸೊಸೆಗೆ ಕಲಿಸಿದ್ದೂ ಅಜ್ಜಿಯೇ.

ಬೂದಿ ಉದುರಲಿಲ್ಲ. ಎಳೆ ಮುದುಡಿ, ಕರಗಿ, ತುದಿಯಲ್ಲಿ ಒಂದು ಕರೀ ಮಣಿಯಾಗಿ ನಿಂತಿತು. ಪ್ಲಾಸ್ಟಿಕ್ ಬಾಚಣಿಗೆ ಸುಟ್ಟ ವಾಸನೆ ಬಂತು.

"ಉಣ್ಣೇನೇ ಅಲ್ಲ ಇದು!" ದೊಡ್ಡಮ್ಮ ಎದ್ದು ನಿಂತಳು. "ನೈಲಾನು! ಆ ಬೀರೂರಿನವನು ಮೋಸ ಮಾಡಿದಾನೆ. ಅಯ್ಯೋ ಶಿವನೇ, ಅತ್ತೆಮ್ಮಾ, ಇಷ್ಟು ದಿನ ಇದನ್ನೇ ಮೈಮೇಲೆ ಹಾಕ್ಕೊಂಡು... ಬಿಚ್ಚಿ, ಬಿಚ್ಚಿ ಮೊದ್ಲು! ಹೇಳ್ರೀ ನೀವಾದ್ರೂ!"

ಕಡೆಯ ಮಾತು ಅಪ್ಪನಿಗೆ. ಅಪ್ಪ ಲೋಟದೊಳಗೆ ನೋಡುತ್ತಿದ್ದರು. ಅಮ್ಮ ರೊಟ್ಟಿ ತಟ್ಟುವುದು ನಿಲ್ಲಿಸಿದಳು. ಇಡೀ ಊರಿಗೆ ಸಾಕಾಗುವಷ್ಟು ಮಾತಾಡುವ ನಮ್ಮ ಮನೆಯಲ್ಲಿ, ಬೇಕಾದಾಗ ಒಬ್ಬರ ಬಾಯಲ್ಲೂ ಒಂದು ಮಾತಿಲ್ಲ. ದೊಡ್ಡಮ್ಮ ಸ್ವೆಟರಿನ ಗುಂಡಿಗೆ ಕೈ ಹಾಕಿದಳು.

"ಬಿಚ್ಬೇಡ ಅಜ್ಜಿ!"

ಎಲ್ಲರೂ ಬೀದಿ ಬಾಗಿಲ ಕಡೆ ತಿರುಗಿ ನೋಡಿದರು. "ಯಾರೋ ಬಂದ್ರು ನೋಡೇ" ಎಂದು ಅಮ್ಮ ಶಾಂತಳಿಗೆ ಹೇಳಿದಳು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡಳು. ಹೆತ್ತ ತಾಯಿಗೂ ಗುರುತು ಸಿಗದ ದನಿ. ನನ್ನ ಕೈಯಲ್ಲಿದ್ದ ಸಾಕ್ಸಿನ ನಾಲ್ಕು ಕಡ್ಡಿಯಲ್ಲಿ ಮೂರು ನೆಲಕ್ಕೆ ಬಿದ್ದವು.

ಅಜ್ಜಿ ಮಾತ್ರ ಬಾಗಿಲ ಕಡೆ ನೋಡಲಿಲ್ಲ. ನೇರ ನನ್ನನ್ನೇ ನೋಡುತ್ತಿದ್ದಳು.

"ಯಾರೂ ಬಂದಿಲ್ಲ. ನಮ್ ರೇಣುಕ. ಚಳಿಗೆ ಗಂಟ್ಲಿಗೂ ಒಂದು ಸ್ವೆಟ್ರು ಹಾಕ್ಕೊಂಡವ್ನೆ, ಅಷ್ಟೇ."

ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ನನ್ನ ಮುಖ ಹಿಡಿದುಕೊಂಡಳು. ಶಾಂತ "ಇನ್ನೊಂದ್ಸಲ ಹೇಳೋ, ಇನ್ನೊಂದ್ಸಲ" ಎಂದು ಕುಣಿದಳು. ಈ ಗಲಾಟೆಯಲ್ಲಿ ದೊಡ್ಡಮ್ಮ ಕರೀ ಮಣಿ ಹಿಡಿದುಕೊಂಡೇ ನಿಂತಿದ್ದಳು. "ಅಲ್ಲ ಅತ್ತೆಮ್ಮಾ, ಉಣ್ಣೆ ಅಲ್ಲ ಇದು..."

"ಲಡಿ ಕೈಗೆ ಹಾಕ್ದ ದಿನಾನೇ ಗೊತ್ತು ಕಣೇ ನಂಗೆ" ಎಂದಳು ಅಜ್ಜಿ. "ಅರವತ್ತು ವರ್ಷದಿಂದ ಧಾಬಳಿ ಉಡ್ತಿದೀನಿ. ಉಣ್ಣೆ ಮೈಗೆ ಚುಚ್ಚುತ್ತೆ. ಇದು ಎಲ್ ಚುಚ್ಚುತ್ತೆ?"

"ಮತ್ತೆ ಉಣ್ಣೆಗೆ ಮೈಲಿಗೆ ಇಲ್ಲ ಅಂತ ನಂಗೆ..."

"ಉಣ್ಣೆಗೆ ಮೈಲಿಗೆ ಇಲ್ಲ ಅಂದೆ, ಸರಿಯಾಗೇ ಅಂದೆ. ನೀನು ಸುಮ್ನಾಗ್ಬೇಕಿತ್ತು, ಸುಮ್ನಾದೆ. ಹುಡುಗನ ಹತ್ರ ಯಾರಾದ್ರೂ ಒಬ್ರು ಕೂರ್ಬೇಕಿತ್ತು, ಕೂತೆ. ಆ ಗುಂಡಿ ಬಿಡು, ಚಳಿ ಆಗ್ತೈತೆ."

ಅಪ್ಪ ಲೋಟ ಕೆಳಗಿಟ್ಟು ಒಳಗೆ ಹೋದರು. ಟ್ರಂಕಿನ ಮುಚ್ಚಳದ ಸದ್ದಾಯಿತು. ಮಂಡಿಗೆ ಹೊರಟಾಗ ಮೈಮೇಲೆ ತೋಳಿಲ್ಲದ ನೀಲಿ ಸ್ವೆಟರ್ ಇತ್ತು. ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ, ಬೀದಿಯುದ್ದಕ್ಕೂ ನುಸಿಗುಳಿಗೆಯ ವಾಸನೆ. ಮಂಡಿಯಲ್ಲಿ ಯಾರು ಹಾಕಿದ್ದು ಎಂದು ಕೇಳಿದವರಿಗೆಲ್ಲ, "ನಮ್ ಹುಡುಗ. ಮಾತೂ ಬಂತು" ಎಂದು, ಕೇಳದವರನ್ನೂ ನಿಲ್ಲಿಸಿಕೊಂಡು ಹೇಳಿದರಂತೆ.

ಹಳೇ ದನಿ ಮರಳಲಿಲ್ಲ, ಬರುತ್ತದೆ ಎಂದು ಈಗ ಕಾಯುವುದೂ ಇಲ್ಲ. ಸಾಹುಕಾರರ ಹತ್ತಿರ ಹೋಗಿ ಮಾತಾಡಿದಾಗ ಅವರು ಟೇಪ್ ರೆಕಾರ್ಡರಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, "ನಿನ್ ದನಿ ನಿನ್ ಹಂಗಿಲ್ವಲ್ಲೋ" ಅಂದರು. ಅಮಲ್ದಾರರ ಗದರಿಕೆ ಈಗ ನನಗೆ ಎಟುಕುವುದಿಲ್ಲ. ಕಂಡಕ್ಟರು ಅರ್ಧ ದಾರಿಯಲ್ಲೇ ಇಳಿದುಹೋಗುತ್ತಾನೆ. ದೊಡ್ಡಮ್ಮನ ಆ ಕೀರಲು ದನಿಯಂತೂ ಹೋಯಿತು. ಅದೊಂದೇ ನನಗೆ ಹೊಟ್ಟೆ ಉರಿಸುವುದು, ಅವಳದು ಅವಳ ಹತ್ತಿರ ಇನ್ನೂ ಗಟ್ಟಿಯಾಗಿದೆ. ಎಲ್ಲರನ್ನೂ ಕಳೆದುಕೊಂಡೆ ಎಂದುಕೊಂಡು ಕೂತಿದ್ದಾಗ ಗೊತ್ತಾಯಿತು, ಈ ಒಡಕಲು ಗಂಟಲು ಒಬ್ಬರಿಗೆ ಮಾತ್ರ ಹೇಳಿ ಹೊಲಿಸಿದ ಹಾಗಿದೆ ಎಂದು.

ಮೊನ್ನೆ ಸಂಜೆ ಟೇಪನ್ನು ನಿಲ್ಲಿಸಿ, ಗಾಡಿಯಲ್ಲಿ ನಾನೇ ಕೂತೆ. ನಮ್ಮ ಬೀದಿಗೆ ಬಂದಾಗ ಮೈಕನ್ನು ಬಾಯಿಗೆ ಹತ್ತಿರ ಹಿಡಿದು ನಮ್ಮಜ್ಜಿಯ ಹಾಗೆ ನಿಧಾನವಾಗಿ ಹೇಳಿದೆ. "ಬನ್ರಪ್ಪಾ, ಸಿನಿಮಾ ಐತೆ. ಟೆಂಟಲ್ಲಿ ಚಳಿ, ಸ್ವೆಟ್ರು ಹಾಕ್ಕೊಂಡ್ ಬನ್ನಿ. ಉಣ್ಣೇದಾದ್ರೂ ಸರಿ, ನೈಲಾನಾದ್ರೂ ಸರಿ."

ಜಗಲಿಯ ಮೇಲೆ ಬೂದು ಸ್ವೆಟರಿನಲ್ಲಿ ಕೂತಿದ್ದ ಅಜ್ಜಿ ಕಿವಿಗೆ ಕೈ ಹಿಡಿದು ಪೂರ್ತಿ ಕೇಳಿದಳು. ಆಮೇಲೆ ಪಕ್ಕದಲ್ಲಿದ್ದ ದೊಡ್ಡಮ್ಮನಿಗೆ, ನನಗೂ ಕೇಳಿಸಲಿ ಎಂದೇ ಗಟ್ಟಿಯಾಗಿ ಹೇಳಿದಳು.

"ಯಾವ ಮುದುಕೀನೇ ಅದು? ಗಂಟ್ಲು ಚೆನ್ನಾಗೈತೆ."